ಹೆಬ್ಬೆರಳು ತಾಳಕ್ಕೆ ನಿಂತ ಮೇಲೆ

ಗಿಟಾರ್ ಹಿಡಿದು ಕೂತವರಿಗೆ ಎಲ್ಲರೂ ಎಡಗೈಯ ಪಾಠವನ್ನೇ ಹೇಳುತ್ತಾರೆ. ಈ ಬೆರಳು ಇಲ್ಲಿ, ಆ ಬೆರಳು ಅಲ್ಲಿ, ಇದು ಜಿ, ಇದು ಸಿ, ಇದು ಡಿ ಎಂದು ಚಿತ್ರ ಬರೆದು ತೋರಿಸುತ್ತಾರೆ. ನನ್ನ ಕಲಿಕೆಯೂ ಅಲ್ಲಿಂದಲೇ ಶುರುವಾಯಿತು. ಆದರೆ ಬೀಟಲ್ಸ್ ತಂಡದ್ದಾಗಲಿ, ಆನಿಮಲ್ಸ್ ತಂಡದ್ದಾಗಲಿ, ಒಂದು ಹಾಡು ಹಾಡಾಗಿ ಕೇಳಿಸತೊಡಗಿದ್ದು ಬಲಗೈ ತಾಳಕ್ಕೆ ನಿಂತ ಮೇಲೆಯೇ. ಅರವತ್ತರ ದಶಕದ ರಾಕ್ ಹಾಡುಗಳನ್ನು ಕಲಿಯಬೇಕೆನ್ನುವವರಿಗೆ, ಅದರಲ್ಲೂ ನಮ್ಮ ಕಡೆಯ ಭಜನೆ, ದಾಸರ ಪದ ಕೇಳಿ ಬೆಳೆದವರಿಗೆ, ನಾನು ನಡೆದ ದಾರಿ ಉಪಯೋಗಕ್ಕೆ ಬಂದೀತು ಎಂದು ಇದನ್ನು ಬರೆಯುತ್ತಿದ್ದೇನೆ.

ರಾಯಚೂರಿನ ಎಪಿಎಂಸಿ ಯಾರ್ಡಿನ ಹತ್ತಿ ಅಡತಿ ಅಂಗಡಿಯೊಂದರಲ್ಲಿ ನಾನು ಲೆಕ್ಕ ಬರೆಯುತ್ತೇನೆ. ಹತ್ತಿಯ ಹಂಗಾಮಿನಲ್ಲಿ ತಲೆ ಎತ್ತಲು ಪುರುಸೊತ್ತು ಇರುವುದಿಲ್ಲ. ಆವಕ ಕಡಿಮೆಯಾಗಿ ಬೇಸಿಗೆ ಬಂತೆಂದರೆ ಸಂಜೆಗಳು ನನ್ನವು. ಅಣ್ಣನ ಮಗ ಇಂಜಿನಿಯರಿಂಗ್ ಓದಲು ಬೆಂಗಳೂರಿಗೆ ಹೊರಟಾಗ ತನ್ನ ಗಿಟಾರನ್ನು ನನ್ನ ಕೋಣೆಯ ಬೀರುವಿನ ಮೇಲೆ ಇಟ್ಟು, "ಅತ್ತೆ, ಇದನ್ನು ಸುಮ್ಮನೆ ಇಡಬೇಡಿ, ನುಡಿಸಿ" ಎಂದು ಹೇಳಿ ಹೋದ. ಅವನು ನನ್ನ ಮೊಬೈಲಿಗೆ ತುಂಬಿಕೊಟ್ಟ ಹಾಡುಗಳಲ್ಲಿ ಹೆಚ್ಚಿನವು 1964ರಿಂದ 1969ರ ನಡುವಿನವು. ಅವು ನನ್ನನ್ನು ಹಿಡಿದುಕೊಂಡವು. ಯಾಕೆಂದು ಆಗ ಬಿಡಿಸಿ ಹೇಳಲು ಬರುತ್ತಿರಲಿಲ್ಲ, ಈಗ ಬರುತ್ತದೆ. ಅವು ಕೈಯಲ್ಲಿ ಗಿಟಾರ್ ಹಿಡಿದುಕೊಂಡೇ ಕಟ್ಟಿದ ಹಾಡುಗಳು. ಬೀಟಲ್ಸ್ ತಂಡದ ಜಾನ್ ಲೆನನ್, ಪಾಲ್ ಮೆಕಾರ್ಟ್ನಿ ಇಬ್ಬರಿಗೂ ಪಾಶ್ಚಾತ್ಯ ಸ್ವರಲಿಪಿ ಓದಲು, ಬರೆಯಲು ಬರುತ್ತಿರಲಿಲ್ಲ. ಕಿವಿಯಿಂದ ಕೇಳಿ, ಕೈಯಿಂದ ಹುಡುಕಿ, ಇನ್ನೊಬ್ಬರ ಎದುರು ಕೂತು ಕಲಿತವರು ಅವರು. ನಮ್ಮ ಓಣಿಯ ಭಜನಾ ಮಂಡಳಿಯಲ್ಲಿ ಪದಗಳು ಒಬ್ಬರಿಂದ ಒಬ್ಬರಿಗೆ ಬರುವುದೂ ಹೀಗೆಯೇ. ಹಾಗಾಗಿ ನಾನು ಹೊಸ ವಿದ್ಯೆಯ ಮುಂದೆ ಕೂತಿದ್ದೇನೆ ಎಂದು ನನಗೆ ಯಾವತ್ತೂ ಅನಿಸಲಿಲ್ಲ.

ಮೊದಲು ವಾದ್ಯದ ಮಾತು ಹೇಳಿಬಿಡುತ್ತೇನೆ, ಯಾಕೆಂದರೆ ನಮ್ಮೂರಿನಲ್ಲಿ ಅದನ್ನು ಬಿಟ್ಟು ಮುಂದೆ ಹೋಗುವಂತಿಲ್ಲ. ಏಪ್ರಿಲ್, ಮೇ ತಿಂಗಳಲ್ಲಿ ರಾಯಚೂರಿನ ಬಿಸಿಲು ನಲವತ್ತು ಡಿಗ್ರಿ ದಾಟುತ್ತದೆ, ಗಾಳಿ ಬೆಂಕಿಯಾಗಿರುತ್ತದೆ. ಅಕೌಸ್ಟಿಕ್ ಗಿಟಾರಿನ ಮರಕ್ಕೆ ಶೇಕಡಾ 45ರಿಂದ 55ರಷ್ಟು ಆರ್ದ್ರತೆ ಹಿತ. ಅದಕ್ಕಿಂತ ತೀರ ಒಣಗಿದರೆ ಮೇಲಿನ ತೆಳು ಹಲಗೆ ಕುಗ್ಗಿ ಒಳಕ್ಕೆ ತಗ್ಗುತ್ತದೆ, ತಂತಿ ಗಿಟಾರಿನ ಕತ್ತಿನ ಮೇಲಿನ ಅಡ್ಡ ಲೋಹದ ಗೆರೆಯಾದ ಫ್ರೆಟ್‌ಗೆ ತಾಗಿ ಝರ್ ಎನ್ನುತ್ತದೆ, ಕತ್ತಿನ ಮರ ಕುಗ್ಗಿ ಫ್ರೆಟ್‌ಗಳ ತುದಿಗಳು ಅಂಚಿನಿಂದ ಹೊರಬಂದು ಕೈಗೆ ಗೀರುತ್ತವೆ. ಮಳೆಗಾಲದಲ್ಲಿ ಇದರ ಉಲ್ಟಾ: ಹಲಗೆ ಉಬ್ಬಿ ತಂತಿಗಳು ಮೇಲೇಳುತ್ತವೆ. ಇದಕ್ಕೆ ದುಬಾರಿ ಸಾಧನಗಳಿವೆ. ನಾನು ಮಾಡುವುದು ಇಷ್ಟೇ: ಪ್ಲಾಸ್ಟಿಕ್ ಸೋಪಿನ ಡಬ್ಬಿಯ ಮುಚ್ಚಳಕ್ಕೆ ಕಾಯಿಸಿದ ಸೂಜಿಯಿಂದ ತೂತುಗಳನ್ನು ಮಾಡಿ, ಒಳಗೆ ನೀರು ಹಿಂಡಿದ ಸ್ಪಂಜಿನ ತುಂಡು ಇಟ್ಟು, ಗಿಟಾರಿನ ಜೊತೆ ಪೆಟ್ಟಿಗೆಯಲ್ಲಿ ಮುಚ್ಚಿಡುತ್ತೇನೆ. ಸ್ಪಂಜಿನಿಂದ ನೀರು ತೊಟ್ಟಿಕ್ಕಬಾರದು, ಅದೊಂದು ಎಚ್ಚರ. ಏರ್ ಕೂಲರಿನ ಎದುರು ಗಿಟಾರ್ ಇಡುವುದೂ ಒಳ್ಳೆಯದಲ್ಲ. ಕೂಲರ್ ಹಾಕಿದಾಗ ಒಂದು ಶ್ರುತಿ, ಆರಿಸಿದಾಗ ಇನ್ನೊಂದು ಶ್ರುತಿ ಆಗಿಬಿಡುತ್ತದೆ.

ಇನ್ನು ತಂತಿಯ ಎತ್ತರ. ಅಂಗಡಿಯಿಂದ ಬಂದ ಹಲವು ಗಿಟಾರ್‌ಗಳಲ್ಲಿ ತಂತಿಗಳು ಫ್ರೆಟ್‌ನಿಂದ ಬಹಳ ಮೇಲಿರುತ್ತವೆ, ಬೆರಳು ಒತ್ತಿ ಒತ್ತಿ ಜೀವ ಹೋಗುತ್ತದೆ. ಎಷ್ಟೋ ಜನ ಇದನ್ನು ತಮ್ಮ ಕೈಯ ದೌರ್ಬಲ್ಯ ಎಂದು ತಿಳಿದು ಬಿಟ್ಟುಬಿಡುತ್ತಾರೆ, ಅದು ನನಗೆ ಬಹಳ ಸಂಕಟ ತರುವ ವಿಷಯ. ನನ್ನ ಗಿಟಾರಿನ ಹನ್ನೆರಡನೆಯ ಫ್ರೆಟ್ ಮೇಲೆ ದಪ್ಪ ತಂತಿ ಮೂರೂವರೆ ಮಿಲಿಮೀಟರ್ ಎತ್ತರದಲ್ಲಿತ್ತು. ಎರಡೂವರೆ ಇದ್ದರೆ ಸಾಕು. ತೀನ್ ಕಂದೀಲ್ ಹತ್ತಿರ ಹಾರ್ಮೋನಿಯಂ, ತಬಲಾ ರಿಪೇರಿ ಮಾಡುವ ಹಿರಿಯರೊಬ್ಬರಿದ್ದಾರೆ, ಎಲ್ಲರೂ ಅವರನ್ನು ಚಾಚಾ ಎನ್ನುತ್ತಾರೆ. ಅವರ ಬಳಿ ಒಯ್ದೆ. ತಂತಿಗಳನ್ನು ಸಡಿಲಿಸಿ, ತಂತಿಗಳ ಬುಡ ಕಟ್ಟಿರುವ ಬ್ರಿಡ್ಜ್ ಎಂಬ ಮರದ ತುಂಡಿನ ಸೀಳಿನಲ್ಲಿ ಕೂತಿರುವ ಬಿಳಿ ಪಟ್ಟಿಯನ್ನು, ಸ್ಯಾಡಲ್ ಎನ್ನುವುದನ್ನು, ಇಕ್ಕಳದಿಂದ ಮೆಲ್ಲಗೆ ಎಳೆದು ತೆಗೆದರು. ಹನ್ನೆರಡನೆಯ ಫ್ರೆಟ್ ತಂತಿಯ ಸರಿಯಾಗಿ ನಡುವೆ ಬರುತ್ತದೆ, ಆದ್ದರಿಂದ ಅಲ್ಲಿ ಒಂದು ಮಿಲಿಮೀಟರ್ ಇಳಿಯಬೇಕಾದರೆ ಸ್ಯಾಡಲ್ ಎರಡು ಮಿಲಿಮೀಟರ್ ಇಳಿಯಬೇಕು. ಪಟ್ಟಿಯ ಕೆಳ ಅಂಚಿನಲ್ಲಿ ಪೆನ್ಸಿಲ್ ಗೆರೆ ಎಳೆದು, ಗಾಜಿನ ತುಂಡಿನ ಮೇಲೆ ಉಜ್ಜುಕಾಗದ ಹಾಸಿ, ಚಾಚಾ ಅದನ್ನು ನೆಟ್ಟಗೆ ಹಿಡಿದು ಉಜ್ಜುತ್ತ ಹೋದರು. ಮೇಲಿನ ಅಂಚನ್ನು ಮುಟ್ಟಲಿಲ್ಲ, ಅದರ ಬಾಗು ಹಾಗೇ ಉಳಿಯಬೇಕು. ಗೆರೆ ಬಂದ ಕೂಡಲೇ ನಿಲ್ಲಿಸಿ, ಪಟ್ಟಿಯನ್ನು ಮೇಜಿನ ಮೇಲೆ ನಿಲ್ಲಿಸಿ ನೋಡಿದರು. ಅದು ಅಲುಗಾಡದೆ ನಿಂತಿತು. ನಂತರ ನಾನು ತೆಳು ತಂತಿಗಳನ್ನು ಹಾಕಿಸಿದೆ, ಮೊದಲ ತಂತಿ (ಎಲ್ಲಕ್ಕಿಂತ ತೆಳುವಾದದ್ದು, ಎಣಿಕೆ ಅಲ್ಲಿಂದ ದಪ್ಪನೆಯ ಆರನೆಯದಕ್ಕೆ ಹೋಗುತ್ತದೆ) 0.012 ಇಂಚಿನ ಬದಲು 0.010 ಇಂಚಿನದು. ದನಿ ಸ್ವಲ್ಪ ಸಣ್ಣಗಾಗುತ್ತದೆ, ಆದರೆ ಬೆರಳು ಉಳಿಯುತ್ತದೆ. ಕಲಿಯುವವರಿಗೆ ಇದಕ್ಕಿಂತ ದೊಡ್ಡ ಉಪಕಾರ ಇನ್ನೊಂದಿಲ್ಲ.

ಮೊದಲ ಹಾಡಾಗಿ ನಾನು ಆರಿಸಿಕೊಂಡದ್ದು 'ಹೌಸ್ ಆಫ್ ದಿ ರೈಸಿಂಗ್ ಸನ್'. ಇಂಗ್ಲೆಂಡಿನ ಆನಿಮಲ್ಸ್ ತಂಡ 1964ರಲ್ಲಿ ಇದನ್ನು ಧ್ವನಿಮುದ್ರಿಸಿತು. ಹಿಲ್ಟನ್ ವ್ಯಾಲೆಂಟೈನ್ ತಂತಿಗಳನ್ನು ಒಂದೊಂದಾಗಿ ಬಿಡಿಸಿ ನುಡಿಸಿದ ಆರಂಭವನ್ನು ಒಮ್ಮೆ ಕೇಳಿದವರು ಮರೆಯುವುದಿಲ್ಲ. ಅದು ಎಲೆಕ್ಟ್ರಿಕ್ ಗಿಟಾರ್, ಆದರೆ ಆ ನಡೆ ಅಕೌಸ್ಟಿಕ್‌ನಲ್ಲಿಯೂ ಅಷ್ಟೇ ಚೆನ್ನಾಗಿ ನಿಲ್ಲುತ್ತದೆ. ಎ ಮೈನರ್, ಸಿ, ಡಿ, ಎಫ್. ಮತ್ತೆ ಎ ಮೈನರ್, ಸಿ, ಇ. ಇಷ್ಟೇ ಹಿಡಿತಗಳು, ಅಂದರೆ ಒಟ್ಟಿಗೆ ಒತ್ತುವ ಸ್ವರಗಳ ಗುಂಪುಗಳು, ಕಾರ್ಡ್ ಎನ್ನುವುದು ಇದನ್ನೇ. ಹಿಡಿತಗಳು ಕೈಗೆ ಬಂದರೂ ಹಾಡು ಬರಲಿಲ್ಲ. ನಮ್ಮ ಪಕ್ಕದ ಓಣಿಯಲ್ಲಿ ತಬಲಾ ಕಲಿಸುವ ಮಾಸ್ತರರಿದ್ದಾರೆ. ಸಂಜೆ ನಮ್ಮ ಕಟ್ಟೆಯ ಮೇಲೆ ಕೂರಲು ಬರುತ್ತಾರೆ. ಮೊಬೈಲಿನಲ್ಲಿ ಹಾಡು ಕೇಳಿಸಿದೆ. ಮೊದಲ ಸಾಲು ಮುಗಿಯುವುದರೊಳಗೆ ಅವರ ಕೈ ತೊಡೆಯ ಮೇಲೆ ಆಡತೊಡಗಿತು.

"ಇದು ದಾದರಾ ನಡೆ, ತಂಗಿ. ಆರು ಮಾತ್ರೆ. ಠೇಕಾವನ್ನು ಬಾಯಲ್ಲಿ ಹೇಳುತ್ತ ನುಡಿಸು, ಕೈ ತಾನೇ ಬರುತ್ತದೆ" ಎಂದರು.

ಧಾ ಧೀ ನಾ, ಧಾ ತೀ ನಾ. ಹೆಬ್ಬೆರಳಿನಿಂದ ದಪ್ಪ ತಂತಿ, ಆಮೇಲೆ ಮೂರನೆಯದು, ಎರಡನೆಯದು, ಮೊದಲನೆಯದು, ಮತ್ತೆ ಎರಡು, ಮೂರು. ಆರು ಮಾತ್ರೆಗೆ ಆರು ಮೀಟು. ಪಾಶ್ಚಾತ್ಯರು ಇದನ್ನು 6/8 ಎಂದು ಬರೆಯುತ್ತಾರೆ, ಮೊದಲನೆಯ ಮತ್ತು ನಾಲ್ಕನೆಯ ಮಾತ್ರೆಗಳ ಮೇಲೆ ತೂಕ ಬೀಳುತ್ತದೆ. ಸಮಕ್ಕೆ, ಅಂದರೆ ಮೊದಲ ಮಾತ್ರೆಗೆ, ಬರುವ 'ಧಾ'ವನ್ನು ಸ್ವಲ್ಪ ಒತ್ತಿ ಹೇಳುತ್ತಿದ್ದಂತೆ ಹೆಬ್ಬೆರಳೂ ಅಲ್ಲಿ ಸ್ವಲ್ಪ ಒತ್ತಿ ಬಿತ್ತು. ಅಷ್ಟು ಹೊತ್ತಿನವರೆಗೆ ಬಿಡಿಬಿಡಿಯಾಗಿದ್ದ ದನಿಗಳು ಒಂದಕ್ಕೊಂದು ಕೂಡಿಕೊಂಡು ತೂಗತೊಡಗಿದವು. ಆ ಸಂಜೆ ನಾನು ಊಟಕ್ಕೆ ಏಳಲಿಲ್ಲ.

ಎಫ್ ಬಗ್ಗೆ ಎರಡು ಮಾತು ಹೇಳಲೇಬೇಕು, ಯಾಕೆಂದರೆ ಎಷ್ಟೋ ಜನರ ಗಿಟಾರ್ ಈ ಒಂದು ಹಿಡಿತದಲ್ಲಿಯೇ ನಿಂತುಹೋಗುತ್ತದೆ. ತೋರುಬೆರಳನ್ನು ಆರೂ ತಂತಿಗಳ ಮೇಲೆ ಅಡ್ಡ ಹಾಕಿ ಒತ್ತಬೇಕು. ಶುರುವಿನಲ್ಲಿ ಆರೂ ತಂತಿ ಬೇಕಾಗಿಲ್ಲ. ತೋರುಬೆರಳಿನಿಂದ ಕೆಳಗಿನ ಎರಡು ತೆಳು ತಂತಿಗಳನ್ನು ಮಾತ್ರ ಒತ್ತುವ ಸಣ್ಣ ಎಫ್ ಈ ಹಾಡಿಗೆ ಧಾರಾಳವಾಗಿ ಸಾಕು, ಹೆಬ್ಬೆರಳು ಅದಕ್ಕೆ ನಾಲ್ಕನೆಯ ತಂತಿಯನ್ನು ಮೀಟಿದರಾಯಿತು. ಪೂರ್ತಿ ಎಫ್ ಹಾಕುವಾಗ ತೋರುಬೆರಳನ್ನು ಅದರ ಮೆತ್ತನೆಯ ಅಡಿಭಾಗದಿಂದ ಒತ್ತುವುದಕ್ಕಿಂತ, ತುಸು ಹೊರಳಿಸಿ ಎಲುಬಿರುವ ಪಕ್ಕದಿಂದ ಒತ್ತಬೇಕು. ಬಲ ಹೆಬ್ಬೆರಳಿನ ಹಿಂಡುವಿಕೆಯಿಂದ ಬರುವುದಿಲ್ಲ, ಮೊಣಕೈಯನ್ನು ಹಿಂದಕ್ಕೆ ಎಳೆದುಕೊಳ್ಳುವುದರಿಂದ ಬರುತ್ತದೆ. ಇದನ್ನು ಯಾರೂ ನನಗೆ ಹೇಳಿರಲಿಲ್ಲ, ಕನ್ನಡಿಯ ಮುಂದೆ ಕೂತು ಕಂಡುಕೊಂಡೆ.

ಈ ಹಾಡಿನ ಇನ್ನೊಂದು ಸಂಗತಿ ನನ್ನನ್ನು ಬಹಳ ತಟ್ಟಿತು. ಇದನ್ನು ಬರೆದವರು ಯಾರೆಂದು ಗೊತ್ತಿಲ್ಲ, ಅಮೆರಿಕದ ಜನಪದ ಹಾಡು. ಜನಪದ ಹಾಡುಗಳ ಸಂಗ್ರಾಹಕ ಅಲನ್ ಲೋಮ್ಯಾಕ್ಸ್ 1937ರಲ್ಲಿ ಕೆಂಟಕಿಯಲ್ಲಿ ಇದನ್ನು ಜಾರ್ಜಿಯಾ ಟರ್ನರ್ ಎಂಬ ಹುಡುಗಿಯ ಬಾಯಿಂದ ಮುದ್ರಿಸಿಕೊಂಡರು. ಅವಳ ಹಾಡಿನಲ್ಲಿ ಬಾಳು ಕೆಡಿಸಿಕೊಂಡ ಕಥೆ ಹೆಣ್ಣಿನದು. 1962ರಲ್ಲಿ ಬಂದ ಅಮೆರಿಕದ ಗಾಯಕ ಬಾಬ್ ಡಿಲನ್ ಅವರ ಮುದ್ರಣದಲ್ಲಿಯೂ ಅದು ಹೆಣ್ಣಿನ ಮಾತಾಗಿಯೇ ಇತ್ತು. ಆನಿಮಲ್ಸ್ ತಂಡ ಅದನ್ನು ಗಂಡಿನ ಮಾತಾಗಿ ಬದಲಿಸಿತು. ನಾನು ಹಳೆಯ ರೂಪದಲ್ಲಿ, ಹೆಣ್ಣಿನ ಮಾತಾಗಿಯೇ ಹಾಡುತ್ತೇನೆ. ಅದೇ ಆ ಹಾಡಿನ ನಿಜವಾದ ನೋವು ಎಂದು ನನ್ನ ಭಾವನೆ. ನನ್ನ ಕಂಠಕ್ಕೆ, ಎಲ್ಲ ತಂತಿಗಳನ್ನೂ ಒಟ್ಟಿಗೆ ಒತ್ತಿ ಶ್ರುತಿ ಏರಿಸುವ ಕಾಪೊವನ್ನು ನಾಲ್ಕನೆಯ ಫ್ರೆಟ್‌ಗೆ ಬಿಗಿದರೆ ಹಿತವಾಗುತ್ತದೆ. ಎ ಮೈನರ್ ಹಿಡಿತ ಹಿಡಿದರೂ ಕೇಳುವುದು ಸಿ ಶಾರ್ಪ್ ಮೈನರ್, ಅಂದರೆ ಹಾರ್ಮೋನಿಯಂನ ಕಪ್ಪು ಒಂದರ ಶ್ರುತಿ. ಗಂಡಸರ ಹಾಡುಗಳನ್ನು ಹೆಂಗಸರು ಹಾಡಬೇಕಾದಾಗ ಈ ಸಣ್ಣ ಚಿಮಟವೇ ದೊಡ್ಡ ಆಸರೆ.

ಎರಡನೆಯದಾಗಿ ಹಿಡಿದದ್ದು ಬೀಟಲ್ಸ್‌ನ 'ನಾರ್ವೇಜಿಯನ್ ವುಡ್', 1965ರ 'ರಬ್ಬರ್ ಸೋಲ್' ಸಂಪುಟದ್ದು. ತಂಡದ ಜಾರ್ಜ್ ಹ್ಯಾರಿಸನ್ ಇದರಲ್ಲಿ ಸಿತಾರ್ ನುಡಿಸಿದ್ದಾರೆ. ಆಗಿನ್ನೂ ಅವರು ಪಂಡಿತ್ ರವಿಶಂಕರ್ ಅವರ ಶಿಷ್ಯರಾಗಿರಲಿಲ್ಲ, ಅದು ಮರುವರ್ಷದ ಮಾತು. ಎಲ್ಲರೂ ಸಿತಾರಿನ ಬಗ್ಗೆಯೇ ಮಾತನಾಡುತ್ತಾರೆ, ಆದರೆ ಹಾಡನ್ನು ಹೊತ್ತಿರುವುದು ಲೆನನ್ ಅವರ ಅಕೌಸ್ಟಿಕ್ ಗಿಟಾರ್. ಕಾಪೊ ಎರಡನೆಯ ಫ್ರೆಟ್‌ನಲ್ಲಿ, ಹಿಡಿತ ಡಿ. ಹಾಡಿನ ಧಾಟಿ ಇಡೀ ಡಿ ಹಿಡಿತದ ಒಳಗೇ ಇದೆ: ಕಿರುಬೆರಳನ್ನು ಇಡುತ್ತ, ಎತ್ತುತ್ತ ಸ್ವರಗಳನ್ನು ಆರಿಸಿಕೊಳ್ಳಬೇಕು, ಕೆಳಗೆ ನಾಲ್ಕನೆಯ ತಂತಿ ಷಡ್ಜವಾಗಿ ನಿಲ್ಲದೆ ಮೊಳಗುತ್ತಿರಬೇಕು. ಸ್ವರಗಳನ್ನು ಹಾರ್ಮೋನಿಯಂನಲ್ಲಿ ಹುಡುಕಿದಾಗ ಮಾಸ್ತರರು ಹುಬ್ಬೇರಿಸಿದರು. ಶುದ್ಧ ಗಾಂಧಾರ, ಕೋಮಲ ನಿಷಾದ. ಹಿಂದೂಸ್ತಾನಿ ಸಂಗೀತದ ಖಮಾಜ್ ಥಾಟಿನ ಸ್ವರಗಳು! ರಾಗ ಎನ್ನಲು ಬರುವುದಿಲ್ಲ, ರಾಗದ ನಡೆ ಅಲ್ಲಿಲ್ಲ, ಸ್ವರಗಳ ಮನೆ ಮಾತ್ರ ಅದೇ. ನಡುವಿನ ಭಾಗಕ್ಕೆ ಬಂದರೆ ಗಾಂಧಾರ ಕೋಮಲವಾಗಿಬಿಡುತ್ತದೆ, ಡಿ ಹೋಗಿ ಡಿ ಮೈನರ್ ಬರುತ್ತದೆ. ಆ ಒಂದು ಸ್ವರ ಇಳಿದದ್ದಕ್ಕೆ ಹಾಡಿನ ಮುಖವೇ ಬದಲಾಗುತ್ತದೆ. ಅಲ್ಲಿಯವರೆಗೆ ಮೇಜರ್, ಮೈನರ್ ಎಂಬುದು ನನಗೆ ಪುಸ್ತಕದ ಮಾತಾಗಿತ್ತು. ಅಂದಿನಿಂದ ಕಿವಿಯ ಮಾತಾಯಿತು.

ಇಲ್ಲಿ ಒಂದು ಅಭಿಪ್ರಾಯ ಹೇಳುತ್ತೇನೆ. ಸಾಹಿತ್ಯದ ಮೇಲೆ ಹಿಡಿತಗಳ ಹೆಸರು ಬರೆದಿಟ್ಟ ಹಾಳೆಗಳು ಎಲ್ಲೆಡೆ ಸಿಗುತ್ತವೆ. ಅವುಗಳಲ್ಲಿ ಯಾವ ಹಿಡಿತ ಎಂದು ಇರುತ್ತದೆ, ಯಾವ ತಂತಿ ಯಾವಾಗ ಎಂದು ಇರುವುದಿಲ್ಲ. ಅರವತ್ತರ ಹಾಡುಗಳ ಸೊಗಸೆಲ್ಲ ಇರುವುದು ಎರಡನೆಯದರಲ್ಲಿ. ಅದಕ್ಕಾಗಿ ಮೂಲ ಧ್ವನಿಮುದ್ರಣವನ್ನೇ ಕೇಳಬೇಕು. ಮೊಬೈಲಿನಲ್ಲಿ ವೇಗವನ್ನು ಅರ್ಧಕ್ಕೆ ಇಳಿಸಿದರೂ ಶ್ರುತಿ ಬದಲಾಗದಂತೆ ಕೇಳುವ ಅನುಕೂಲ ಈಗ ಇದೆ. ಇಯರ್‌ಫೋನಿನ ಒಂದು ಕಿವಿ ಮಾತ್ರ ಹಾಕಿಕೊಂಡು ಕೇಳಿದರೆ ಇನ್ನೂ ಒಳ್ಳೆಯದು, ಯಾಕೆಂದರೆ ಆ ಕಾಲದ ಸ್ಟೀರಿಯೊ ಮುದ್ರಣಗಳಲ್ಲಿ ವಾದ್ಯಗಳನ್ನು ಎಡಕ್ಕೆ, ಬಲಕ್ಕೆ ಎಂದು ಪೂರ್ತಿ ಬೇರೆ ಮಾಡಿ ಇಡುತ್ತಿದ್ದರು. ಎಷ್ಟೋ ಹಾಡುಗಳಲ್ಲಿ ಗಿಟಾರ್ ಒಂದೇ ಕಡೆ ಬಿಡಿಯಾಗಿ ಕೇಳಿಬಿಡುತ್ತದೆ.

ಈಗ ಹೆಬ್ಬೆರಳಿನ ಕಥೆಗೆ ಬರುತ್ತೇನೆ. 1968ರಲ್ಲಿ ಬೀಟಲ್ಸ್ ಹೃಷಿಕೇಶದಲ್ಲಿ ಮಹರ್ಷಿ ಮಹೇಶ್ ಯೋಗಿಯವರ ಆಶ್ರಮಕ್ಕೆ ಬಂದಿದ್ದಾಗ ಡೊನೊವನ್ ಎಂಬ ಸ್ಕಾಟ್ಲೆಂಡಿನ ಗಾಯಕರೂ ಅಲ್ಲಿದ್ದರು. ಬೆರಳುಗಳಿಂದ ಬಿಡಿಸಿ ಮೀಟುವ ಒಂದು ಕ್ರಮವನ್ನು ಅವರು ಲೆನನ್‌ಗೆ ಅಲ್ಲಿ ಕಲಿಸಿದರು. ಆ ಕಲಿಕೆಯಿಂದ ಹುಟ್ಟಿದ್ದು 'ಡಿಯರ್ ಪ್ರುಡೆನ್ಸ್', 'ಜೂಲಿಯಾ'. ಗಂಗೆಯ ದಂಡೆಯ ಮೇಲೆ ಒಬ್ಬರ ಎದುರು ಒಬ್ಬರು ಕೂತು ಕಲಿತ ಕೈನಡೆ ಅದು. ಅದರ ಗುಟ್ಟು ಇಷ್ಟೇ: ಹೆಬ್ಬೆರಳು ದಪ್ಪ ತಂತಿಗಳ ಮೇಲೆ ಪ್ರತಿ ಮಾತ್ರೆಗೂ ಒಂದೊಂದು ಮೀಟು ಹಾಕುತ್ತ ಅತ್ತಿಂದಿತ್ತ ನಡೆಯುತ್ತಲೇ ಇರಬೇಕು, ತೋರುಬೆರಳು ಮತ್ತು ಮಧ್ಯಬೆರಳು ಅದರ ಸಂದುಗಳಲ್ಲಿ ತೆಳು ತಂತಿಗಳನ್ನು ಮೀಟಬೇಕು. ಹೇಳಲು ಸುಲಭ. ಕೈಗೆ ತರಲು ಹೋದರೆ ಹೆಬ್ಬೆರಳು ಹೊಸದಾಗಿ ನೊಗಕ್ಕೆ ಕಟ್ಟಿದ ಹೋರಿಯಂತೆ ತನ್ನ ಜೊತೆಯವರ ಕಡೆಗೇ ಎಳೆಯುತ್ತದೆ, ತೋರುಬೆರಳು ಮೀಟಿದಾಗಲೆಲ್ಲ ತಾನೂ ಅಲ್ಲಿಯೇ ನಿಲ್ಲುತ್ತದೆ.

ನಾನು ಬೆರಳುಗಳನ್ನು ಪೂರ್ತಿ ಬಿಟ್ಟು ಹೆಬ್ಬೆರಳನ್ನೊಂದೇ ನಡೆಸತೊಡಗಿದೆ. ಡಿ ಹಿಡಿತ, ಐದನೆಯ ತಂತಿ, ನಾಲ್ಕನೆಯ ತಂತಿ, ಐದು, ನಾಲ್ಕು. ಅಷ್ಟೇ. ಅದು ಸ್ವಲ್ಪ ನಿಂತ ಮೇಲೆ, ಕೈ ನಡೆಯುತ್ತಿರುವಾಗಲೇ ಅಮ್ಮನ ಜೊತೆ ಮಾತನಾಡಿದೆ. ಅಡುಗೆಮನೆಯಿಂದ ಅವಳು ಏನಾದರೂ ಕೇಳಿದರೆ ಉತ್ತರ ಕೊಡಬೇಕು, ಹೆಬ್ಬೆರಳು ನಿಲ್ಲಬಾರದು. ಆಮೇಲೆ ಅಂಗಡಿಯ ವಹಿ ಮುಂದಿಟ್ಟುಕೊಂಡು ದಿನದ ಆವಕದ ಅಂಕಿಗಳನ್ನು ಗಟ್ಟಿಯಾಗಿ ಓದಿದೆ: ಕ್ವಿಂಟಲ್, ದರ, ಹಮಾಲಿ, ತೂಕದ ಕೂಲಿ. ಅಂಕಿಗಳ ಏರಿಳಿತಕ್ಕೆ ಸಿಕ್ಕಿ ಹೆಬ್ಬೆರಳು ತಡವರಿಸುವುದು ಯಾವಾಗ ನಿಂತಿತೋ ಆಗ ತೋರುಬೆರಳಿನಿಂದ ಒಂದೇ ಒಂದು ಮೀಟು ಸೇರಿಸಿದೆ, ಸಮದ ಮೇಲೆ. ಅದು ಕೂತ ಮೇಲೆ ಎರಡು ಮಾತ್ರೆಗಳ ಸಂದಿನಲ್ಲಿ ಒಂದು. ಹೀಗೆ ಒಂದೊಂದಾಗಿ. ಅವಸರ ಮಾಡಿದವರಿಗೆ ಈ ನಡೆ ದಕ್ಕುವುದಿಲ್ಲ. ಒಮ್ಮೆ ದಕ್ಕಿದರೆ ಮತ್ತೆ ಕೈ ಬಿಡುವುದಿಲ್ಲ, ಅದರ ಮೇಲೆ ಬಾಯಿ ಬಿಟ್ಟು ಹಾಡಲೂ ಆಗುತ್ತದೆ. ಹಾಡುತ್ತಲೇ ನುಡಿಸುವುದು ಎಂಬ ವಿದ್ಯೆ ಬೇರೆ ಏನೂ ಅಲ್ಲ, ಹೆಬ್ಬೆರಳಿನ ಮೇಲೆ ನಂಬಿಕೆ ಬರುವುದೇ ಅದು.

'ಡಿಯರ್ ಪ್ರುಡೆನ್ಸ್'ಗೆ ಆರನೆಯ ತಂತಿಯನ್ನು ಇ ಇಂದ ಡಿಗೆ ಇಳಿಸಬೇಕು. ಇಳಿಸಿದ ಮೇಲೆ ಮೇಲಿನ ಮೂರು ದಪ್ಪ ತಂತಿಗಳು ಡಿ, ಎ, ಡಿ. ಅಂದರೆ ಸಾ, ಪಾ, ಸಾ. ತಂಬೂರಿ! ಆ ಷಡ್ಜ ಕೆಳಗೆ ನಿಂತಿರುವಾಗ ಐದನೆಯ ತಂತಿಯಲ್ಲಿ ಮೂರನೆಯ ಫ್ರೆಟ್, ಎರಡನೆಯದು, ಒಂದನೆಯದು ಎಂದು ಒಂದೊಂದೇ ಮೆಟ್ಟಿಲು ಇಳಿಯುತ್ತದೆ: ಕೋಮಲ ನಿಷಾದ, ಶುದ್ಧ ಧೈವತ, ಕೋಮಲ ಧೈವತ. ಮೇಲಿನ ತಂತಿಗಳು ಹೆಚ್ಚು ಕದಲುವುದಿಲ್ಲ. ಹಾಡಿನ ಇಡೀ ಮೋಡಿ ಈ ಇಳಿಕೆಯಲ್ಲಿದೆ.

ನನ್ನ ಅಮ್ಮನ ತವರು ಮಾನ್ವಿ, ಜಗನ್ನಾಥದಾಸರ ಊರು. ಗುರುವಾರದ ಭಜನೆಗೆ ಅವಳು ತಪ್ಪಿಸಿದ್ದಿಲ್ಲ. ಇಂಗ್ಲಿಷ್ ಹಾಡುಗಳನ್ನು ಅವಳು ನನ್ನ ಸಲುವಾಗಿ ಸಹಿಸಿಕೊಂಡಿದ್ದಳು, ಅಷ್ಟೇ. ಒಂದು ಸಂಜೆ ಆ ಮೂರು ತಂತಿಗಳನ್ನಷ್ಟೇ ಹೆಬ್ಬೆರಳಿನಿಂದ ಮೀಟುತ್ತ ಕೂತಿದ್ದಾಗ ಒಳಗಿನಿಂದ ಬಂದು, "ಇನ್ನೂ ಸ್ವಲ್ಪ ಏರಿಸು, ನನ್ನ ದನಿಗೆ ಇದು ಕೆಳಗಾಯಿತು" ಎಂದಳು. ಕಾಪೊವನ್ನು ಆರನೆಯ ಫ್ರೆಟ್‌ಗೆ ಸರಿಸಿದೆ, ಕಪ್ಪು ನಾಲ್ಕು ಆಯಿತು. ಅವಳು ದಾಸರ ಪದವೊಂದನ್ನು ಎತ್ತಿಕೊಂಡಳು. ನಾನು ಎಡಗೈಯಲ್ಲಿ ಏನನ್ನೂ ಒತ್ತಲಿಲ್ಲ, ಹೃಷಿಕೇಶದ ಆ ಕೈನಡೆಯನ್ನೇ ಅವಳ ಪದಕ್ಕೆ ಕೊಟ್ಟೆ. ಪದ ಮುಗಿದ ಮೇಲೆ ಅವಳು, "ತಂಬೂರಿಯಲ್ಲಿ ತಾಳ ಇರುವುದಿಲ್ಲ, ಇದರಲ್ಲಿ ಇದೆ. ಹಾಡುವವರಿಗೆ ಒಳ್ಳೆಯದು" ಎಂದು ಹೇಳಿ ಒಳಗೆ ಹೋದಳು. ಈಗ ಗುರುವಾರಗಳಂದು ಮಂಡಳಿಯ ಹೆಂಗಸರು ನನ್ನನ್ನು ಕರೆಯುತ್ತಾರೆ. ಅಲ್ಲಿ ನಾನು ರಾಕ್ ನುಡಿಸುವುದಿಲ್ಲ, ಆದರೆ ರಾಕ್ ಕಲಿಸಿದ ಹೆಬ್ಬೆರಳನ್ನೇ ನುಡಿಸುತ್ತೇನೆ.

ಅಮೆರಿಕದ ಗಾಯಕ ಜೋಡಿ ಸೈಮನ್ ಮತ್ತು ಗಾರ್ಫಂಕಲ್ ಅವರ ಹಾಡುಗಳು ಆಮೇಲೆ ಬೇಗ ಬೇಗ ಬಂದವು. 'ದಿ ಸೌಂಡ್ ಆಫ್ ಸೈಲೆನ್ಸ್' 1964ರಲ್ಲಿ ಬರೀ ಅಕೌಸ್ಟಿಕ್ ರೂಪದಲ್ಲಿ ಬಂದಾಗ ಯಾರೂ ಕೇಳಲಿಲ್ಲ. ಮರುವರ್ಷ ನಿರ್ಮಾಪಕ ಟಾಮ್ ವಿಲ್ಸನ್ ಗಾಯಕರಿಗೆ ತಿಳಿಸದೆಯೇ ಅದಕ್ಕೆ ಎಲೆಕ್ಟ್ರಿಕ್ ಗಿಟಾರ್, ಡ್ರಮ್ಸ್ ಸೇರಿಸಿದರು, 1966ರ ಆರಂಭದಲ್ಲಿ ಅದು ಅಮೆರಿಕದಲ್ಲಿ ಮೊದಲ ಸ್ಥಾನಕ್ಕೇರಿತು. ನನಗೆ ಮೊದಲ ರೂಪವೇ ಇಷ್ಟ. ಕಾಪೊ ಆರನೆಯ ಫ್ರೆಟ್‌ನಲ್ಲಿ, ಎ ಮೈನರ್ ಹಿಡಿತ. 'ಸ್ಕಾರ್ಬರೊ ಫೇರ್'ಗೆ ಕಾಪೊ ಏಳನೆಯದರಲ್ಲಿ. ಅದರ ಸ್ವರಗಳು ಕಾಫಿ ಥಾಟಿನವು ಎಂದು ಗುರುತಿಸಲು ಆ ಹೊತ್ತಿಗೆ ಮಾಸ್ತರರ ಸಹಾಯ ಬೇಕಾಗಲಿಲ್ಲ.

ಆದರೆ 'ಹಿಯರ್ ಕಮ್ಸ್ ದಿ ಸನ್' ಹಿಡಿದಾಗ ಮತ್ತೆ ಅವರನ್ನು ಕರೆಯಬೇಕಾಯಿತು. ಜಾರ್ಜ್ ಹ್ಯಾರಿಸನ್ 1969ರ ವಸಂತದಲ್ಲಿ ಗೆಳೆಯ, ಗಿಟಾರ್ ವಾದಕ ಎರಿಕ್ ಕ್ಲಾಪ್ಟನ್ ಅವರ ಮನೆಯ ತೋಟದಲ್ಲಿ ಅಡ್ಡಾಡುತ್ತ ಕಟ್ಟಿದ ಹಾಡು ಇದು. ದೀರ್ಘ ಚಳಿಗಾಲದ ನಂತರ ಬಿಸಿಲು ಕಂಡ ಸಂತೋಷ ಅದರಲ್ಲಿ ತುಂಬಿದೆ. ನಮ್ಮೂರಿನವರಿಗೆ ಬಿಸಿಲನ್ನು ಹೀಗೆ ಕೊಂಡಾಡುವುದು ವಿಚಿತ್ರವೆನಿಸಬಹುದು. ನಾನು ಆ ಹಾಡನ್ನು ಜೂನ್‌ನ ಮೊದಲ ಮಳೆ ಮನಸ್ಸಿನಲ್ಲಿಟ್ಟುಕೊಂಡು ಹಾಡುತ್ತೇನೆ, ಭಾವ ಪೂರ್ತಿ ಕೂಡುತ್ತದೆ. ಕಾಪೊ ಏಳನೆಯ ಫ್ರೆಟ್‌ನಲ್ಲಿ, ಡಿ ಹಿಡಿತದ ಸುತ್ತ ಕಿರುಬೆರಳು, ಉಂಗುರಬೆರಳು ಆಡುತ್ತಿರುತ್ತವೆ. ಚರಣಗಳು ನೇರ ನಾಲ್ಕರ ಲೆಕ್ಕ. ತೊಡಕು ಇರುವುದು ನಡುವಿನ ಭಾಗದಲ್ಲಿ. ಹಿಡಿತಗಳು ಎಫ್, ಸಿ, ಜಿ, ಡಿ, ಅದರಲ್ಲಿ ಕಷ್ಟವಿಲ್ಲ. ಅರ್ಧ ಮಾತ್ರೆಗಳಲ್ಲಿ ಎಣಿಸಿದರೆ ಮೊದಲ ತುಂಡು 11, ಎರಡನೆಯದು 8, ಮೂರನೆಯದು 7. ಪಾಶ್ಚಾತ್ಯ ಲೆಕ್ಕದಲ್ಲಿ ಕಾಲು ಕುಟ್ಟುವವರು ಇಲ್ಲಿ ದಾರಿ ತಪ್ಪುತ್ತಾರೆ.

ಮಾಸ್ತರರು ಕಣ್ಣು ಮುಚ್ಚಿ ಆ ಭಾಗವನ್ನು ಮತ್ತೆ ಮತ್ತೆ ಹಾಕಿಸಿ ಕೇಳಿದರು. ಆಮೇಲೆ ಕೈಯಲ್ಲಿ ತಟ್ಟಿ ತೋರಿಸಿದರು: ಮೂರು, ಮೂರು, ಮೂರು, ಎರಡು. ಹನ್ನೊಂದು ಬಂತು. "ಮೂರರ ತುಂಡುಗಳನ್ನು 'ತಕಿಟ' ಎಂದು ಹೇಳು, ಉಳಿದದ್ದನ್ನು 'ತಕ' ಎಂದು ಹೇಳು. ಒಟ್ಟು ಹನ್ನೊಂದು ಎಂದು ಎಣಿಸಲು ಹೋಗಬೇಡ" ಎಂದರು. ತಕಿಟ ತಕಿಟ ತಕಿಟ ತಕ. ಒಂದೇ ಮಾತನ್ನು ಮೂರು ಸಲ ಹೇಳಿ ಸಮಕ್ಕೆ ಬಂದು ನಿಲ್ಲುವ ತಿಹಾಯಿಯ ರುಚಿ ಅದರಲ್ಲಿದೆ. ಹ್ಯಾರಿಸನ್ ಅಷ್ಟು ಹೊತ್ತಿಗೆ ಸಿತಾರ್ ಕಲಿತಿದ್ದವರು, ಆ ರುಚಿ ಎಲ್ಲಿಂದ ಬಂತೆಂದು ಊಹಿಸುವುದು ಕಷ್ಟವಲ್ಲ. ಬಾಯಲ್ಲಿ ಬೋಲ್ ಹೇಳಿಕೊಂಡು ನುಡಿಸಿದಾಗ ಆ ಭಾಗ ನನ್ನ ಕೈಗೆ ಎಷ್ಟು ಸಲೀಸಾಗಿ ಬಂತೆಂದರೆ, ಬೆಂಗಳೂರಿನಿಂದ ರಜೆಗೆ ಬಂದ ಅಣ್ಣನ ಮಗ ಬೆರಗಿನಿಂದ ನೋಡುತ್ತ ನಿಂತ. ಅವನಿಗೂ ತಕಿಟ ಹೇಳಿಕೊಟ್ಟೆ. ಅವನ ಕಾಲೇಜಿನ ಗೆಳೆಯರು ಈಗ ಅದನ್ನು ಹೀಗೆಯೇ ಎಣಿಸುತ್ತಾರಂತೆ.

ಗಿಟಾರ್ ಕಲಿಯಲು ನಮ್ಮ ಊರುಗಳಲ್ಲಿ ಗುರುಗಳಿಲ್ಲ ಎಂದು ಹೇಳುವವರಿಗೆ ನಾನು ಹೇಳುವುದು ಇದನ್ನೇ. ತಬಲಾ ಗೊತ್ತಿರುವವರು ಓಣಿಗೊಬ್ಬರಿದ್ದಾರೆ, ಹಾರ್ಮೋನಿಯಂ ನುಡಿಸುವವರು ಮಠಕ್ಕೊಬ್ಬರು, ಗುಡಿಗೊಬ್ಬರಿದ್ದಾರೆ. ಬೆರಳುಗಳನ್ನು ಎಲ್ಲಿ ಇಡಬೇಕೆಂದು ಮೊಬೈಲ್ ತೋರಿಸುತ್ತದೆ. ಕಾಲವನ್ನು ಹೇಗೆ ಹಿಡಿಯಬೇಕೆಂದು ಎದುರು ಕೂತ ಮನುಷ್ಯರೇ ತೋರಿಸಬೇಕು, ಅವರು ನಮ್ಮಲ್ಲಿ ಧಾರಾಳವಾಗಿ ಇದ್ದಾರೆ. ಅವರಿಗೆ ಬೀಟಲ್ಸ್ ಹೆಸರು ಗೊತ್ತಿರಬೇಕಾಗಿಲ್ಲ.

ಸದ್ಯ ನನ್ನ ಮುಂದಿರುವುದು 'ಬ್ಲ್ಯಾಕ್‌ಬರ್ಡ್'. 1968ರಲ್ಲಿ ಪಾಲ್ ಮೆಕಾರ್ಟ್ನಿ ಒಬ್ಬರೇ ಗಿಟಾರ್ ಹಿಡಿದು, ಕಾಲು ನೆಲಕ್ಕೆ ಕುಟ್ಟುತ್ತ ಹಾಡಿದ್ದು. ಹಳೆಯ ಜರ್ಮನ್ ಸಂಗೀತಗಾರ ಬಾಖ್ ರಚಿಸಿದ ಇ ಮೈನರ್ ಬೂರೆ ಎಂಬ ನೃತ್ಯದ ಧಾಟಿಯನ್ನು ಹುಡುಗರಾಗಿದ್ದಾಗ ಕಲಿಯಲು ಹೋದದ್ದರಿಂದ ಇದು ಹುಟ್ಟಿತು ಎಂದು ಅವರೇ ಹೇಳಿದ್ದಾರೆ. ಐದನೆಯ ಮತ್ತು ಎರಡನೆಯ ತಂತಿಗಳ ಮೇಲೆ ಎರಡು ಸ್ವರಗಳು ಜೊತೆಜೊತೆಯಾಗಿ ಏರಿಳಿಯುತ್ತವೆ, ನಡುವೆ ಮೂರನೆಯ ತಂತಿ ಬಿಚ್ಚಾಗಿ ಜಿ ಎಂದು ಮೊಳಗುತ್ತಿರುತ್ತದೆ. ಇಲ್ಲಿಯೂ ಷಡ್ಜ ಬಿಟ್ಟು ಹೋಗುವುದಿಲ್ಲ. ಆದರೆ ಲೆಕ್ಕ ಮೂರು, ನಾಲ್ಕು, ಎರಡು ಎಂದು ಸಾಹಿತ್ಯಕ್ಕೆ ತಕ್ಕಂತೆ ಬದಲಾಗುತ್ತ ಹೋಗುತ್ತದೆ, ಹೆಬ್ಬೆರಳು ಇನ್ನೂ ಹೊಸ ನಡೆ ಕೇಳುತ್ತಿದೆ. ಮಾಸ್ತರರು ಕಾಗದದ ಮೇಲೆ ಸಾಲಿನ ಕೆಳಗೆ ಮಾತ್ರೆಗಳ ಗುರುತು ಹಾಕಿಕೊಟ್ಟಿದ್ದಾರೆ. ದಸರೆಯ ಹೊತ್ತಿಗೆ ಹೊಸ ಹತ್ತಿ ಯಾರ್ಡಿಗೆ ಬರತೊಡಗುತ್ತದೆ. ಅದರೊಳಗೆ ಮೊದಲ ಎರಡು ಚರಣಗಳನ್ನು ನಿಲ್ಲಿಸದೆ ನುಡಿಸಬೇಕು ಎಂದುಕೊಂಡಿದ್ದೇನೆ.